ಕರುಳಿನ ನಡೆ, ಕರುಳಿನ ನೋವು

ಇಂದು ಬೆಳಿಗ್ಗೆ ನೀವು ತಿಂದ ಇಡ್ಲಿ ಈಗ ಎಲ್ಲಿದೆ ಎಂದು ಕೇಳಿದರೆ ನಿಮ್ಮಲ್ಲಿ ಯಾರೂ ಖಚಿತವಾಗಿ ಹೇಳಲಾರಿರಿ. ಬಾಯಲ್ಲಿದ್ದಾಗ ಅದರ ಬಿಸಿ, ಮೆದು, ಚಟ್ನಿಯ ಖಾರ ಎಲ್ಲವೂ ತಿಳಿದಿದ್ದವು. ಗಂಟಲು ದಾಟಿದ್ದೂ ತಿಳಿಯಿತು. ಅಲ್ಲಿಂದ ಮುಂದೆ ಅದು ಜಠರದಲ್ಲಿ ಎರಡು ಮೂರು ಗಂಟೆ ಕಡೆಯಲ್ಪಟ್ಟು, ಸುಮಾರು 6 ಮೀಟರ್ ಉದ್ದದ ಸಣ್ಣಕರುಳನ್ನು ಹಾದು, ಅಳಿದುಳಿದದ್ದು ದೊಡ್ಡಕರುಳಿನಲ್ಲಿ ಒಂದು ದಿನವನ್ನೋ ಅದಕ್ಕೂ ಹೆಚ್ಚನ್ನೋ ಕಳೆದು ಹೊರಬೀಳುವವರೆಗೆ ನಿಮಗೆ ಅದರ ಸುದ್ದಿಯೇ ಇರುವುದಿಲ್ಲ. ಇದು ದೊಡ್ಡ ಉಪಕಾರ. ಕರುಳಿನ ಒಂದೊಂದು ಹಿಂಡುವಿಕೆಯೂ ನಮಗೆ ತಿಳಿಯುವಂತಿದ್ದರೆ ಪಾಠ ಕೇಳುವುದು ಹಾಗಿರಲಿ, ನಿದ್ದೆಯೂ ಬರುತ್ತಿರಲಿಲ್ಲ.

ಆದರೆ ಪರೀಕ್ಷೆಯ ದಿನ ಬೆಳಿಗ್ಗೆ ಅದೇ ಕರುಳು ತಾನಿದ್ದೇನೆಂದು ಕೂಗಿ ಹೇಳುತ್ತದೆ. ಹೊಟ್ಟೆ ನುಲಿಯುತ್ತದೆ. ತಿಂಡಿ ಸೇರುವುದಿಲ್ಲ. ಎರಡು ಮೂರು ಸಲ ಬಚ್ಚಲಿಗೆ ಓಡಬೇಕಾಗುತ್ತದೆ. ಮನೆಯಲ್ಲಿ ಹಿರಿಯರು, "ಓದಿಲ್ಲ, ಅದಕ್ಕೇ ಹೊಟ್ಟೆನೋವಿನ ನೆಪ" ಎನ್ನುವುದುಂಟು. ಇದು ನೆಪವೇ, ನಿಜವೇ? ಸುಮ್ಮನಿದ್ದ ಕರುಳು ಅಂದೇ ಏಕೆ ಮಾತಾಡಿತು? ಇದಕ್ಕೆ ಉತ್ತರ ಕರುಳಿನ ನರಕೋಶಗಳ ಮೇಲಿರುವ ಗ್ರಾಹಕಗಳಲ್ಲಿ ಸಿಗುತ್ತದೆ. ಗ್ರಾಹಕ ಎಂದೊಡನೆ ಅಂಗಡಿಯ ಗಿರಾಕಿ ನೆನಪಾಗುವುದು ಸಹಜ. ಇಲ್ಲಿ ಗ್ರಾಹಕ ಎಂದರೆ ಕೋಶದ ಹೊರಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನು. ತನಗೆ ಹೊಂದುವ ರಾಸಾಯನಿಕ ಬಂದು ಕೂತಾಗ ಅದು ಆಕಾರ ಬದಲಿಸಿ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ.

ಮೊದಲು ಕರುಳಿನ ನಡೆಯನ್ನು ನೋಡೋಣ.

1899ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಶರೀರಕ್ರಿಯಾ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇವರು ಭಾವಮೈದುನರು, ಸ್ಟಾರ್ಲಿಂಗ್ ಅವರ ಸೋದರಿಯನ್ನು ಬೇಲಿಸ್ ಮದುವೆಯಾಗಿದ್ದರು. ನಾಯಿಯ ಕರುಳಿಗೆ ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿ, ಕರುಳಿನ ಒಂದು ಜಾಗವನ್ನು ಒಳಗಿನಿಂದ ಉಬ್ಬಿಸಿದರು. ಉಬ್ಬಿದ ಜಾಗಕ್ಕಿಂತ ಮೇಲಿನ ಭಾಗ ಬಿಗಿಯಿತು, ಕೆಳಗಿನ ಭಾಗ ಸಡಿಲವಾಯಿತು. ಹಿಂದಿನಿಂದ ನೂಕು, ಮುಂದೆ ದಾರಿ ಬಿಡು. ಒಳಗಿರುವ ವಸ್ತು ತಾನಾಗಿಯೇ ಗುದದ್ವಾರದ ಕಡೆಗೆ ಸಾಗಬೇಕು. ಇದನ್ನು ಅವರು ಕರುಳಿನ ನಿಯಮ ಎಂದು ಕರೆದರು. ಮಿದುಳಿನೊಡನೆ ಸಂಪರ್ಕವೇ ಕಡಿದುಹೋಗಿದ್ದರೂ ಕರುಳು ತನ್ನ ಕೆಲಸವನ್ನು ಬಿಟ್ಟಿರಲಿಲ್ಲ. 1917ರಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಿನಿಪಿಗ್ಗಿನ ಕರುಳಿನ ತುಂಡನ್ನು ದೇಹದಿಂದ ಹೊರತೆಗೆದು ಲವಣದ್ರವದಲ್ಲಿಟ್ಟರು. ಅಲ್ಲಿಯೂ ಅದು ಅಲೆಯಲೆಯಾಗಿ ಚಲಿಸಿತು. ನಿಮ್ಮ ಕೈಯಾಗಲಿ ಕಾಲಾಗಲಿ ಹೀಗೆ ಮಾಡಲಾರದು. ಬೆನ್ನುಹುರಿಯಿಂದ ಬರುವ ನರ ಕಡಿದರೆ ಕೈ ಜೋತುಬೀಳುತ್ತದೆ.

ಇದು ಹೇಗೆ ಸಾಧ್ಯ? ಕರುಳಿನ ಗೋಡೆಯ ಪದರಗಳ ನಡುವೆ ನರಕೋಶಗಳ ಎರಡು ಬಲೆಗಳಿವೆ. ಸ್ನಾಯುಪದರಗಳ ಮಧ್ಯೆ ಇರುವುದನ್ನು ಔಎರ್‌ಬಾಕ್ ಅವರೂ ಒಳಪೊರೆಯ ಅಡಿಯಲ್ಲಿರುವುದನ್ನು ಮೈಸ್ನರ್ ಅವರೂ 19ನೆಯ ಶತಮಾನದಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದ್ದರು. ಈ ಎರಡು ಬಲೆಗಳಲ್ಲಿ ಒಟ್ಟು 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಕೆಲವರು ಇದನ್ನು ಎರಡನೆಯ ಮಿದುಳು ಎನ್ನುತ್ತಾರೆ. ಅಮೆರಿಕದ ಮೈಕೇಲ್ ಗರ್ಷನ್ 1998ರಲ್ಲಿ ಬರೆದ ಪುಸ್ತಕಕ್ಕೆ ಅದೇ ಹೆಸರಿಟ್ಟರು. ಹೆಸರು ಕೇಳಲು ಚೆನ್ನಾಗಿದೆ. ಆದರೆ ಈ ಮಿದುಳು ಲೆಕ್ಕ ಮಾಡುವುದಿಲ್ಲ, ಪದ್ಯ ಕಟ್ಟುವುದಿಲ್ಲ ಎಂಬುದನ್ನು ಮರೆಯಬಾರದು.

ಈ ನರಕೋಶಗಳು ಇಲ್ಲದಿದ್ದರೆ ಏನಾದೀತು ಎಂಬುದಕ್ಕೆ ನಿಸರ್ಗವೇ ಒಂದು ಕಠಿಣ ಉದಾಹರಣೆ ಒದಗಿಸಿದೆ. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ದೊಡ್ಡಕರುಳಿನ ಕೊನೆಯ ಭಾಗದಲ್ಲಿ ಇವು ಹುಟ್ಟಿನಿಂದಲೇ ಇರುವುದಿಲ್ಲ. ಡೆನ್ಮಾರ್ಕಿನ ಮಕ್ಕಳ ವೈದ್ಯ ಹಿರ್ಶ್‌ಸ್ಪ್ರುಂಗ್ ಅವರ ಹೆಸರು ಈ ಕಾಯಿಲೆಗಿದೆ. ಆ ಭಾಗದಲ್ಲಿ ಸ್ನಾಯು ಇದೆ, ರಕ್ತ ಹರಿಯುತ್ತಿದೆ, ಆದರೆ "ಸಡಿಲವಾಗು" ಎಂದು ಹೇಳುವವರಿಲ್ಲ. ಕರುಳು ಬಿಗಿದೇ ಇರುತ್ತದೆ. ಹುಟ್ಟಿದ ಮಗು ಮೊದಲ ಎರಡು ದಿನಗಳಲ್ಲಿ ಕಪ್ಪು ಮಲವನ್ನು ವಿಸರ್ಜಿಸದಿದ್ದರೆ ವೈದ್ಯರು ಅನುಮಾನಪಡುವುದು ಇದಕ್ಕಾಗಿಯೇ. ನರಕೋಶವಿಲ್ಲದ ಆ ತುಂಡನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಬೇಕಾಗುತ್ತದೆ.

ಇನ್ನು ಮುಖ್ಯ ವಿಷಯ. ಆಹಾರ ಬಂದಿದೆ ಎಂದು ನರಕೋಶಕ್ಕೆ ತಿಳಿಸುವವರು ಯಾರು? ನರದ ತುದಿಗಳು ಕರುಳಿನ ಒಳಪೊರೆಯ ಹಿಂದೆ ಇವೆ, ಆಹಾರವನ್ನು ಮುಟ್ಟುವುದಿಲ್ಲ. ನಡುವೆ ಒಬ್ಬ ದೂತ ಬೇಕು. ಒಳಪೊರೆಯಲ್ಲಿ ಅಲ್ಲೊಂದು ಇಲ್ಲೊಂದರಂತೆ ವಿಶೇಷ ಕೋಶಗಳಿವೆ. ಇಟಲಿಯ ವಿಟ್ಟೋರಿಯೋ ಎರ್ಸ್‌ಪಾಮರ್ 1930ರ ದಶಕದಲ್ಲಿ ಇವುಗಳಿಂದ ಒಂದು ವಸ್ತುವನ್ನು ತೆಗೆದು ಎಂಟರಮೀನ್ ಎಂದು ಹೆಸರಿಟ್ಟರು. 1948ರಲ್ಲಿ ಅಮೆರಿಕದಲ್ಲಿ ಬೇರೆಯೇ ತಂಡವೊಂದು ರಕ್ತದಿಂದ ಒಂದು ವಸ್ತುವನ್ನು ಬೇರ್ಪಡಿಸಿ ಸೆರೊಟೋನಿನ್ ಎಂದು ಕರೆಯಿತು. 1952ರ ಹೊತ್ತಿಗೆ ಎರಡೂ ಒಂದೇ ಎಂದು ಗೊತ್ತಾಯಿತು. ಸೆರೊಟೋನಿನ್ ಎಂದರೆ ಮನಸ್ಸಿನ ಉಲ್ಲಾಸಕ್ಕೆ ಸಂಬಂಧಿಸಿದ ಮಿದುಳಿನ ರಾಸಾಯನಿಕ ಎಂದು ನೀವು ಓದಿರಬಹುದು. ದೇಹದಲ್ಲಿರುವ ಸೆರೊಟೋನಿನ್ನಿನ 90 ಪಾಲಿಗೂ ಹೆಚ್ಚು ಇರುವುದು ಕರುಳಿನಲ್ಲಿ. ಮಿದುಳಿನದು ಚಿಲ್ಲರೆ ವ್ಯಾಪಾರ.

ಆಹಾರದ ಉಂಡೆ ಬಂದು ಒಳಪೊರೆಯನ್ನು ಒತ್ತಿದಾಗ ಈ ಕೋಶ ಹಿಂಬದಿಯಿಂದ ಸೆರೊಟೋನಿನ್ನನ್ನು ಸುರಿಯುತ್ತದೆ. ಒತ್ತಡವನ್ನು ಅದು ಅರಿಯುವುದು ಹೇಗೆ? ಪೀಜೋ-2 ಎಂಬ, ಎಳೆದರೆ ತೆರೆದುಕೊಳ್ಳುವ ಒಂದು ಪ್ರೋಟೀನಿನಿಂದ. ನಮ್ಮ ಬೆರಳಿಗೆ ಸ್ಪರ್ಶಜ್ಞಾನ ಕೊಡುವುದೂ ಇದೇ. ಇದನ್ನೂ ಇದರ ಸೋದರ ಪ್ರೋಟೀನನ್ನೂ ಕಂಡುಹಿಡಿದ ಅರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಹೀಗೆ ಸುರಿದ ಸೆರೊಟೋನಿನ್ ಪಕ್ಕದ ನರತುದಿಗಳ ಗ್ರಾಹಕಗಳ ಮೇಲೆ ಕೂರುತ್ತದೆ. ಸುದ್ದಿ ಮೇಲ್ಬದಿಗೆ ಹೋದಾಗ ಅಲ್ಲಿನ ನರಗಳು ಅಸಿಟೈಲ್‌ಕೋಲಿನ್ ಬಿಟ್ಟು ಸ್ನಾಯುವನ್ನು ಬಿಗಿಸುತ್ತವೆ. ಕೆಳಬದಿಯ ನರಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಟ್ಟು ಸ್ನಾಯುವನ್ನು ಸಡಿಲಿಸುತ್ತವೆ. ಬೇಲಿಸ್ ಮತ್ತು ಸ್ಟಾರ್ಲಿಂಗ್ ಕಂಡ ನಿಯಮದ ಹಿಂದಿನ ಕೈಚಳಕ ಇದು.

ಇಲ್ಲಿ ಒಂದು ತೊಡಕಿದೆ. ಒಂದೇ ಸೆರೊಟೋನಿನ್ ಕೆಲವೊಮ್ಮೆ ಕರುಳನ್ನು ಓಡಿಸುತ್ತದೆ, ಕೆಲವೊಮ್ಮೆ ವಾಂತಿ ತರಿಸುತ್ತದೆ, ಕೆಲವೊಮ್ಮೆ ನೋವಿನ ಸುದ್ದಿ ಒಯ್ಯುತ್ತದೆ. ಹೇಗೆ? 1957ರಲ್ಲಿ ಎಡಿನ್‌ಬರೋದಲ್ಲಿ ಗ್ಯಾಡಮ್ ಮತ್ತು ಪಿಕಾರೆಲ್ಲಿ ಗಿನಿಪಿಗ್ಗಿನ ಕರುಳಿನ ತುಂಡಿನ ಮೇಲೆ ಇದನ್ನು ಪರೀಕ್ಷಿಸಿದರು. ನಮ್ಮ ವೈದ್ಯಕೀಯ ಮತ್ತು ಫಾರ್ಮಸಿ ಕಾಲೇಜುಗಳಲ್ಲಿ ಓದಿದ ಹಿಂದಿನ ತಲೆಮಾರಿನವರಿಗೆ ಈ ವಿಧಾನ ಚೆನ್ನಾಗಿ ಗೊತ್ತು: ಬೆಚ್ಚಗಿನ ಲವಣದ್ರವದಲ್ಲಿ ತೂಗುಬಿಟ್ಟ ಕರುಳು, ಅದಕ್ಕೆ ಕಟ್ಟಿದ ದಾರ, ದಾರದ ತುದಿಗೆ ಕಡ್ಡಿ, ಮಸಿ ಹಿಡಿಸಿದ ಕಾಗದದ ಮೇಲೆ ಆ ಕಡ್ಡಿ ಗೀಚುವ ಗೆರೆ. ಮನೆಗೆ ಹೋಗುವ ಹೊತ್ತಿಗೆ ಅಂಗಿಯ ತೋಳೆಲ್ಲ ಕಪ್ಪು. ಗ್ಯಾಡಮ್ ಮತ್ತು ಪಿಕಾರೆಲ್ಲಿ ಸೆರೊಟೋನಿನ್ ಹಾಕಿದಾಗ ಕರುಳು ಸಂಕುಚಿಸಿತು. ಮಾರ್ಫಿನ್ ಕೊಟ್ಟರೆ ಆ ಸಂಕೋಚನ ಸ್ವಲ್ಪಮಟ್ಟಿಗೆ ನಿಂತಿತು. ಡೈಬೆಂಜಿಲಿನ್ ಎಂಬ ಮತ್ತೊಂದು ಔಷಧ ಕೊಟ್ಟರೆ ಉಳಿದ ಪಾಲು ನಿಂತಿತು. ಎಂದರೆ ಸೆರೊಟೋನಿನ್ನಿಗೆ ಎರಡು ಬಗೆಯ ಗ್ರಾಹಕಗಳಿವೆ, ಒಂದು ನರದಲ್ಲಿ, ಒಂದು ಸ್ನಾಯುವಿನಲ್ಲಿ, ಎಂದು ಅವರು ತೀರ್ಮಾನಿಸಿದರು. ಈಗ ಇವುಗಳನ್ನು ಏಳು ಕುಟುಂಬಗಳಾಗಿ ವಿಂಗಡಿಸಿದ್ದಾರೆ. ಗ್ಯಾಡಮ್ ಅವರ ನರದ ಗ್ರಾಹಕಕ್ಕೆ ಇಂದು ಮೂರನೆಯ ಬಗೆ ಎಂದು ಹೆಸರು.

ನಮ್ಮ ವಿಷಯಕ್ಕೆ ಮೂರನೆಯದು ಮತ್ತು ನಾಲ್ಕನೆಯದು ಸಾಕು. ಮೂರನೆಯ ಬಗೆಯದು ಒಂದು ಬಾಗಿಲು. ಸೆರೊಟೋನಿನ್ ಕೂತೊಡನೆ ತೆರೆದು ಸೋಡಿಯಂ ಅಯಾನುಗಳನ್ನು ಒಳಬಿಡುತ್ತದೆ; ಕಣ್ಣು ಮಿಟುಕಿಸುವುದರೊಳಗೆ ನರ ಮಿಡಿಯುತ್ತದೆ. ಕರುಳಿನಿಂದ ಮಿದುಳಿಗೆ ಹೋಗುವ ನರಗಳ ತುದಿಯಲ್ಲಿ ಇದು ಹೇರಳವಾಗಿದೆ. ನಾಲ್ಕನೆಯದು ನಿಧಾನದ್ದು, ಕೋಶದೊಳಗೆ ಸರಣಿ ರಾಸಾಯನಿಕ ಕ್ರಿಯೆಗಳನ್ನು ಹೂಡುತ್ತದೆ. ಇದು ನರತುದಿಯಲ್ಲಿದ್ದು, ಅಲ್ಲಿಂದ ಬಿಡುಗಡೆಯಾಗುವ ಅಸಿಟೈಲ್‌ಕೋಲಿನ್ನಿನ ಪ್ರಮಾಣವನ್ನು ಹೆಚ್ಚಿಸುತ್ತದೆ. ಕರುಳಿನ ನಡೆ ಚುರುಕಾಗುತ್ತದೆ. ಸೆರೊಟೋನಿನ್ನಿಗೆ ತನ್ನದೇ ಆದ ಅರ್ಥವಿಲ್ಲ. ಅದನ್ನು ಯಾವ ಗ್ರಾಹಕ ಓದುತ್ತದೆ ಎಂಬುದರ ಮೇಲೆ ಅರ್ಥ.

ಈ ತಿಳಿವಳಿಕೆಯಿಂದ ಬಂದ ಒಂದು ದೊಡ್ಡ ಲಾಭವನ್ನು ಹೇಳಲೇಬೇಕು. ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧ ಕರುಳಿನ ಆ ವಿಶೇಷ ಕೋಶಗಳಿಂದ ಸೆರೊಟೋನಿನ್ನನ್ನು ಒಮ್ಮೆಗೇ ಸುರಿಸುತ್ತದೆ. ವೇಗಸ್ ನರದ ತುದಿಯ ಮೂರನೆಯ ಬಗೆಯ ಗ್ರಾಹಕಗಳು ಕೆರಳಿ, ವಿಷ ಬಂದಿದೆ ಎಂದು ಮಿದುಳಿಗೆ ದೂರು ಕೊಡುತ್ತವೆ. ರೋಗಿ ಕರುಳು ಕಿತ್ತು ಬರುವಂತೆ ವಾಂತಿ ಮಾಡುತ್ತಾನೆ. ಹಿಂದೆ ವಾಂತಿಗೆ ಅಂಜಿಯೇ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರಿದ್ದರು. ಈ ಗ್ರಾಹಕವನ್ನು ಮುಚ್ಚುವ ಆಂಡಾನ್‌ಸೆಟ್ರಾನ್ 1990ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಮೇಲೆ ಆ ಸ್ಥಿತಿ ಬಹಳ ಸುಧಾರಿಸಿತು. ಇದನ್ನು ತೆಗೆದುಕೊಂಡವರಲ್ಲಿ ಕೆಲವರಿಗೆ ಮಲಬದ್ಧತೆ ಆಗುತ್ತದೆ. ಏಕೆಂದು ನೀವೇ ಊಹಿಸಬಲ್ಲಿರಿ.

ಅಫೀಮಿನ ಕಥೆಯೂ ಇದೇ ಬಗೆಯದು. ಭೇದಿ ನಿಲ್ಲಿಸಲು ಅಫೀಮು ಕೊಡುವ ಪದ್ಧತಿ ಹಲವು ನಾಡುಗಳಲ್ಲಿ ಶತಮಾನಗಳ ಕಾಲ ಇತ್ತು. ಕರುಳಿನ ನರಕೋಶಗಳ ಮೇಲೆ ಅಫೀಮಿನ ಗ್ರಾಹಕಗಳಿವೆ. ಅಲ್ಲಿ ಮಾರ್ಫಿನ್ ಕೂತರೆ ಅಸಿಟೈಲ್‌ಕೋಲಿನ್ ಹೊರಬರುವುದು ತಗ್ಗುತ್ತದೆ, ಕರುಳು ಮಂದವಾಗುತ್ತದೆ. ಗಸಗಸೆ ಗಿಡದ ರಸಕ್ಕೆ ನಮ್ಮ ದೇಹದಲ್ಲಿ ಗ್ರಾಹಕ ಏಕಿರಬೇಕು? 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಇದಕ್ಕೆ ಉತ್ತರ ಕೊಟ್ಟರು: ದೇಹವೇ ಮಾರ್ಫಿನ್ನಿನಂತಹ ಎನ್‌ಕೆಫಲಿನ್ ಎಂಬ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಮಿದುಳಿನ ಸಾರದಿಂದ ಅವನ್ನು ಗುರುತಿಸಲು ಅವರು ನೆಚ್ಚಿದ ಪರೀಕ್ಷೆಗಳಲ್ಲಿ ಒಂದು ಅದೇ ಗಿನಿಪಿಗ್ಗಿನ ಕರುಳು. ಔಷಧಿ ಅಂಗಡಿಯಲ್ಲಿ ಭೇದಿಗೆಂದು ಸಿಗುವ ಲೋಪೆರಮೈಡ್ ಕೂಡ ಅಫೀಮಿನ ಗ್ರಾಹಕಕ್ಕೇ ಅಂಟುತ್ತದೆ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡಾಗ ಅದು ಮಿದುಳನ್ನು ಹೊಗುವುದಿಲ್ಲವಾದ್ದರಿಂದ ಅಮಲು ತರುವುದಿಲ್ಲ. ಹಾಗೆಂದು ಅದನ್ನು ಮನೆಯ ಪುಟ್ಟ ಮಕ್ಕಳಿಗೆ ಕೊಡಬೇಡಿ. ಮಲದಲ್ಲಿ ರಕ್ತ, ಮೈಯಲ್ಲಿ ಜ್ವರ ಇದ್ದರೆ ದೊಡ್ಡವರಿಗೂ ಅದು ಸಲ್ಲದು. ಮಕ್ಕಳ ಭೇದಿಗೆ ಮೊದಲು ಬೇಕಾದದ್ದು ಉಪ್ಪು-ಸಕ್ಕರೆಯ ಜೀವಜಲ.

ಎಲ್ಲ ಔಷಧಗಳೂ ಇಷ್ಟು ಒಳ್ಳೆಯ ನಡತೆಯವಲ್ಲ. ನಾಲ್ಕನೆಯ ಬಗೆಯ ಗ್ರಾಹಕವನ್ನು ಕೆರಳಿಸಿ ಜಠರವನ್ನು ಚುರುಕುಗೊಳಿಸುವ ಸಿಸಾಪ್ರೈಡ್ 1990ರ ದಶಕದಲ್ಲಿ ಬಹಳ ಜನಪ್ರಿಯವಾಗಿತ್ತು. ಅದು ಹೃದಯದ ಪೊಟ್ಯಾಸಿಯಂ ದ್ವಾರಗಳನ್ನೂ ಮುಚ್ಚುತ್ತಿತ್ತು. ಹೃದಯದ ಲಯ ತಪ್ಪಿ ಸಾವುಗಳು ಸಂಭವಿಸಿದವು. 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂದೆಗೆದುಕೊಂಡರು. ಭಾರತದಲ್ಲಿ ನಿಷೇಧವಾದದ್ದು 2011ರಲ್ಲಿ. ಈ ಹನ್ನೊಂದು ವರ್ಷಗಳ ಅಂತರವನ್ನು ಕುರಿತು ನನಗೆ ಹೇಳಲು ಹೆಚ್ಚೇನೂ ಇಲ್ಲ, ನೀವೇ ಯೋಚಿಸಿ.

ಈಗ ನೋವಿನ ಕಡೆಗೆ ಬರೋಣ. ಕರುಳಿನ ಅರಿವು ಚರ್ಮದ ಅರಿವಿನಂತಲ್ಲ. ಆರೋಗ್ಯವಂತ ಕರುಳನ್ನು ಕತ್ತರಿಸಿದರೆ, ಸುಟ್ಟರೆ ನೋವಾಗುವುದಿಲ್ಲ, ಹಿಗ್ಗಿಸಿದರೆ ನೋಯುತ್ತದೆ. ಗಾಳಿ ತುಂಬಿದಾಗ, ದಾರಿ ಕಟ್ಟಿಕೊಂಡಾಗ ಬರುವುದು ಈ ನೋವು. ಎರಡು ಹಾದಿಗಳಲ್ಲಿ ಸುದ್ದಿ ಮೇಲೇರುತ್ತದೆ. ಒಂದು ವೇಗಸ್ ನರ. ಅದರ ತಂತುಗಳಲ್ಲಿ ಐದರಲ್ಲಿ ನಾಲ್ಕು ಪಾಲು ಮಿದುಳಿನ ಅಪ್ಪಣೆಯನ್ನು ಕೆಳಕ್ಕೆ ತರುವುದಿಲ್ಲ, ಕೆಳಗಿನ ವರದಿಯನ್ನು ಮೇಲಕ್ಕೆ ಒಯ್ಯುತ್ತವೆ. ಹೊಟ್ಟೆ ತುಂಬಿತು, ವಾಕರಿಕೆ ಬಂತು ಎಂಬವು ಇದರ ವರದಿಗಳು. ನೋವು ಹೆಚ್ಚಾಗಿ ಎರಡನೆಯ ಹಾದಿಯಲ್ಲಿ, ಬೆನ್ನುಹುರಿಯ ಮೂಲಕ ಹೋಗುತ್ತದೆ. ಅಲ್ಲಿ ಕರುಳಿನ ನರಗಳೂ ಚರ್ಮದ ನರಗಳೂ ಒಂದೇ ಕೋಶದ ಮೇಲೆ ಬಂದು ಸೇರುತ್ತವೆ. ಮಿದುಳಿಗೆ ಯಾರ ಸುದ್ದಿ ಎಂದು ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದಲೇ ಹೊಟ್ಟೆಯ ಬಲಗಡೆಯ ಕೆಳಮೂಲೆಯಲ್ಲಿರುವ ಅಪೆಂಡಿಕ್ಸ್ ಊದಿಕೊಂಡಾಗ ನೋವು ಮೊದಲು ಹೊಕ್ಕುಳ ಸುತ್ತ ಕಾಣಿಸಿಕೊಳ್ಳುತ್ತದೆ.

ಈ ನರತುದಿಗಳಲ್ಲಿ ಇನ್ನೊಂದು ಸ್ವಾರಸ್ಯದ ಗ್ರಾಹಕವಿದೆ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್ನಿಗೆ ಸ್ಪಂದಿಸುವ ಪ್ರೋಟೀನನ್ನು ಕಂಡುಹಿಡಿಯಿತು. 2021ರ ನೊಬೆಲ್ ಬಹುಮಾನದ ಇನ್ನೊಂದು ಪಾಲು ಅವರದು. ಇದೇ ಪ್ರೋಟೀನು ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಗೂ ಆಮ್ಲಕ್ಕೂ ತೆರೆದುಕೊಳ್ಳುತ್ತದೆ. ಖಾರ ತಿಂದಾಗ ಬಾಯಿ ಸುಟ್ಟಂತಾಗುವುದು ಮಾತಿನ ಅಲಂಕಾರವಲ್ಲ. ನರಕ್ಕೆ ಬಿಸಿಯೂ ಖಾರವೂ ಒಂದೇ. ನಾಲಿಗೆಯಲ್ಲಿರುವ ಈ ಗ್ರಾಹಕ ಗುದದ್ವಾರದ ಬಳಿಯೂ ಇದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಅದರಿಂದ ಅಷ್ಟು ತೊಂದರೆಯಿಲ್ಲ. ಗುಂಟೂರಿನದನ್ನು ಧಾರಾಳವಾಗಿ ತಿಂದವರಿಗೆ ಮರುದಿನ ಬೆಳಿಗ್ಗೆ ಈ ಮಾತು ಬೇಗ ಅರ್ಥವಾಗುತ್ತದೆ. ಗಿಳಿ ಮೆಣಸಿನಕಾಯಿಯನ್ನು ಸಲೀಸಾಗಿ ತಿನ್ನುತ್ತದಲ್ಲ, ಪಕ್ಷಿಗಳ ಈ ಪ್ರೋಟೀನಿಗೆ ಖಾರ ಹಿಡಿಸುವುದೇ ಇಲ್ಲ.

ಕರುಳಿಗೆ ಸೋಂಕು ತಗುಲಿ ಉರಿಯೂತವಾದಾಗ ಅಲ್ಲಿ ಸುರಿಯುವ ರಾಸಾಯನಿಕಗಳು ಈ ಗ್ರಾಹಕಗಳನ್ನು ಸೂಕ್ಷ್ಮಗೊಳಿಸುತ್ತವೆ. ಮೊದಲು ಮೂವತ್ತು ಪಾಲು ಒತ್ತಡಕ್ಕೆ ಮಿಡಿಯುತ್ತಿದ್ದ ನರ ಈಗ ಹತ್ತಕ್ಕೇ ಮಿಡಿಯುತ್ತದೆ ಎಂದಿಟ್ಟುಕೊಳ್ಳಿ. ಸೋಂಕು ವಾಸಿಯಾದ ಮೇಲೂ ಕೆಲವರಲ್ಲಿ ಈ ಸೂಕ್ಷ್ಮತೆ ಇಳಿಯುವುದಿಲ್ಲ. ಕರುಳಿನ ಸೋಂಕಿಗೆ ತುತ್ತಾದ ಸುಮಾರು 10 ಮಂದಿಯಲ್ಲಿ ಒಬ್ಬರಿಗೆ ತಿಂಗಳುಗಟ್ಟಲೆ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಉಳಿಯುತ್ತದೆ. ಎಕ್ಸ್‌ರೇ ತೆಗೆದರೂ ನಳಿಕೆ ಇಳಿಸಿ ನೋಡಿದರೂ ಏನೂ ಕಾಣುವುದಿಲ್ಲ. ಇದನ್ನು ಕೆರಳುಕರುಳಿನ ತೊಂದರೆ ಎನ್ನೋಣ. ಬಹುಕಾಲ ಇಂಥ ರೋಗಿಗಳಿಗೆ ಸಿಕ್ಕಿದ್ದು "ನಿಮಗೇನೂ ಇಲ್ಲ, ಎಲ್ಲ ಮನಸ್ಸಿನದು" ಎಂಬ ಮಾತು. 1973ರಲ್ಲಿ ಇಂಗ್ಲೆಂಡಿನ ವೈದ್ಯ ರಿಚಿ ಅವರು ಒಂದು ಸರಳ ಪರೀಕ್ಷೆಯನ್ನು ವರದಿ ಮಾಡಿದರು. ದೊಡ್ಡಕರುಳಿನ ಕೊನೆಯಲ್ಲಿ ಪುಟ್ಟ ಬಲೂನನ್ನಿಟ್ಟು 60 ಮಿಲಿಲೀಟರಿನಷ್ಟು ಗಾಳಿ ತುಂಬಿದಾಗ ಉಳಿದವರಲ್ಲಿ ನೂರಕ್ಕೆ 6 ಮಂದಿಗೆ ನೋವಾದರೆ, ಈ ತೊಂದರೆ ಇದ್ದವರಲ್ಲಿ ನೂರಕ್ಕೆ 55 ಮಂದಿಗೆ ನೋವಾಯಿತು. ಗಾಯ ಕಾಣಲಿಲ್ಲ ಎಂದರೆ ನೋವಿಲ್ಲ ಎಂದಲ್ಲ.

ಇವರಿಗಾಗಿಯೇ ಮೂರನೆಯ ಬಗೆಯ ಗ್ರಾಹಕವನ್ನು ಮುಚ್ಚುವ ಅಲೋಸೆಟ್ರಾನ್ 2000ದ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಬಂತು. ಭೇದಿ ಹೆಚ್ಚಾಗಿದ್ದ ಹೆಂಗಸರಲ್ಲಿ ಗುಣ ಕಂಡಿತು. ಕೆಲವರಲ್ಲಿ ಮಾತ್ರ ಭೀಕರ ಮಲಬದ್ಧತೆ, ಕರುಳಿಗೆ ರಕ್ತ ಸಾಲದೆ ಬರುವ ಊತ ಉಂಟಾದವು. ಅದೇ ನವೆಂಬರಿನಲ್ಲಿ ಹಿಂದೆಗೆದುಕೊಂಡರು. ಆಮೇಲೆ ನಡೆದದ್ದು ವಿಶೇಷ: ಅದಿಲ್ಲದೆ ಬದುಕು ದುಸ್ತರ ಎಂದು ರೋಗಿಗಳೇ ಒತ್ತಾಯಿಸಿದರು. 2002ರಲ್ಲಿ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಅದು ಮರಳಿತು. ಅಪಾಯವನ್ನು ತಿಳಿದೂ ಬೇಡಿಕೊಂಡರೆಂದರೆ ಅವರ ನೋವು ಎಷ್ಟಿರಬೇಕು.

ಇನ್ನು ಪರೀಕ್ಷೆಯ ಬೆಳಿಗ್ಗೆ. ಭಯವಾದಾಗ ಮಿದುಳು ಬಿಡುವ ಸಿ.ಆರ್.ಎಫ್. ಎಂಬ ವಸ್ತುವನ್ನು 1981ರಲ್ಲಿ ಗುರುತಿಸಿದರು. ಇದಕ್ಕೂ ಎರಡು ಬಗೆಯ ಗ್ರಾಹಕಗಳಿವೆ. ಒಂದು ಬಗೆಯದರ ಮೂಲಕ ಅದು ಜಠರವನ್ನು ತಡೆಯುತ್ತದೆ. ಇನ್ನೊಂದರ ಮೂಲಕ ದೊಡ್ಡಕರುಳನ್ನು ಓಡಿಸುತ್ತದೆ, ನೋವಿನ ನರಗಳನ್ನು ಚುರುಕಾಗಿಸುತ್ತದೆ. ಮೇಲೆ ಊಟ ಸೇರದು, ಕೆಳಗೆ ತಡೆಯದು. ಭಯ ಮನಸ್ಸಿನದೇ ಇರಬಹುದು, ನುಲಿಯುವುದು ನಿಜವಾದ ಕರುಳೇ. ಹೊಟ್ಟೆನೋವು ಎಂದ ಹುಡುಗ ಸುಳ್ಳು ಹೇಳುತ್ತಿಲ್ಲ. ಓದಿರಲಾರ, ಅದು ಬೇರೆ ಮಾತು.

ಆದರೆ ಎಲ್ಲ ಹೊಟ್ಟೆನೋವನ್ನೂ ಪರೀಕ್ಷೆಯ ತಲೆಗೆ ಕಟ್ಟುವಂತಿಲ್ಲ. ನಡುರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಮಲದಲ್ಲಿ ರಕ್ತ, ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಇವುಗಳಲ್ಲಿ ಒಂದಿದ್ದರೂ ವೈದ್ಯರಲ್ಲಿಗೆ ಹೋಗಬೇಕು. ಹೊಕ್ಕುಳ ಸುತ್ತ ಶುರುವಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆಯ ಕೆಳಮೂಲೆಗೆ ಸರಿದು, ಮುಟ್ಟಿದರೆ ಸಹಿಸಲಾಗದಷ್ಟಾದರೆ, ಊದಿಕೊಂಡ ಅಪೆಂಡಿಕ್ಸ್ ಹೊಟ್ಟೆಯ ಒಳಗೋಡೆಯನ್ನು ತಾಗಿರಬಹುದು. ಆ ಗೋಡೆಯ ನರಗಳು ಚರ್ಮದ ನರಗಳ ಹಾಗೆ, ಜಾಗವನ್ನು ಬೆರಳಿಟ್ಟು ತೋರಿಸುತ್ತವೆ. ಆಗ ಮಾತ್ರೆ ನುಂಗಿ ಕಾಯಬೇಡಿ, ಏನನ್ನೂ ತಿನ್ನದೆ ಆಸ್ಪತ್ರೆಗೆ ಹೊರಡಿ.